ಕೂರದ ಕುರ್ಚಿ

ಗಾಲಿಕುರ್ಚಿ ಮನೆಗೆ ಬಂದ ದಿನ ದೊಡ್ಡ ಸಿಸ್ಟರ್ ಮಂಚದ ಮೇಲೆ ಕೂತೇ ಅದರ ತಪಾಸಣೆ ನಡೆಸಿದರು. ಯಜಮಾನರ ಕೈಯಲ್ಲಿ ಬ್ರೇಕು ಹಾಕಿಸಿದರು, ತೆಗೆಸಿದರು, ಗಾಲಿ ತಿರುಗಿಸಿ ಕಿವಿಗೊಟ್ಟು ಕೇಳಿದರು. ಕೊನೆಗೆ ತೀರ್ಪು ಕೊಟ್ಟರು.

"ಮಾಲು ಚೆನ್ನಾಗಿದೆ. ಆದ್ರೆ ನಾನು ಇದರಲ್ಲಿ ಕೂರೋಳಲ್ಲ."

ಮುಂದಿನ ಫಜೀತಿಗೆಲ್ಲ ಮೂಲ ಈ ಒಂದು ಮಾತು.

ದೊಡ್ಡ ಸಿಸ್ಟರ್ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರ ಲೆಕ್ಕದಲ್ಲಿ ಜಗತ್ತಿನ ಜನ ಎರಡೇ ಬಗೆ: ಗಾಲಿಕುರ್ಚಿಯಲ್ಲಿ ಕೂತವರು ಮತ್ತು ಅದನ್ನು ತಳ್ಳುವವರು. ತಾವು ಯಾವ ಬಗೆ ಎಂಬ ವಿಷಯದಲ್ಲಿ ಅವರಿಗೆ ಎಂದೂ ಅನುಮಾನ ಬಂದಿರಲಿಲ್ಲ. ಹಾಗಿರುವಾಗ ಒಂದು ದಿನ ಫ್ಯಾನಿನ ಧೂಳು ಒರೆಸಲು ಸ್ಟೂಲು ಹತ್ತಿದರು. ಹತ್ತಿದ್ದು ಕ್ರಮವಾಗಿ, ಇಳಿದದ್ದು ಕ್ರಮ ತಪ್ಪಿ. ಸೊಂಟದ ಮೂಳೆ ಮುರಿಯಿತು. ತಮ್ಮ ಆಸ್ಪತ್ರೆಯವರಿಗೆ ಸುದ್ದಿ ಹೋಗಬಾರದೆಂದು ಮಗಳ ಊರಿನಲ್ಲಿ ಆಪರೇಷನ್ ಮಾಡಿಸಿಕೊಂಡರು. ತಿಂಗಳುಗಟ್ಟಲೆ ಕಾಣದೆ ಈಗ ಬಂದವರನ್ನು ಬೀದಿಯವರು ಎಲ್ಲಿದ್ದಿರಿ ಎಂದು ಕೇಳಿದರೆ "ಮಗಳ ಮನೇಲಿದ್ದೆ" ಎಂದರು. ಸುಳ್ಳೇನಲ್ಲ.

ಮೂಳೆ ಕೂಡಿತು. ಆದರೆ ಎಡಗಾಲು ಮೊದಲಿನ ಹಾಗೆ ಮಾತು ಕೇಳುತ್ತಿರಲಿಲ್ಲ. ನಾಲ್ಕು ಕಾಲಿನ ವಾಕರ್ ಕೊಟ್ಟರೆ "ಈಗಷ್ಟೇ ಹುಟ್ಟಿದ ಕರು ಥರ ಕಾಣ್ತೀನಿ" ಎಂದು ಹಿಂದಕ್ಕೆ ಕಳಿಸಿದರು. ಕೋಲು ತಂದರೆ ಅದನ್ನು ಬಾಗಿಲ ಸಂದಿಗೆ ನಿಲ್ಲಿಸಿದರು. ಕೊನೆಗೆ ಮಗಳು ಕುರ್ಚಿಯನ್ನೇ ಕಳಿಸಿದಳು. ಒಂದು ಮಧ್ಯಾಹ್ನ ಸಿಸ್ಟರ್ ಸುಮ್ಮನೆ ಅದರ ಹಿಂದೆ ನಿಂತು ಹಿಡಿಕೆ ಹಿಡಿದು ನೋಡಿದರು. ಎಡಗಾಲಿಗೆ ಹಳೆಯ ನೌಕರಿ ನೆನಪಾಯಿತೋ ಏನೋ, ಹಜಾರದ ಈ ಗೋಡೆಯಿಂದ ಆ ಗೋಡೆಯವರೆಗೆ ತಕರಾರಿಲ್ಲದೆ ನಡೆಯಿತು.

ಒಂದೇ ತೊಡಕು. ಖಾಲಿ ಕುರ್ಚಿಗೆ ತೂಕವಿಲ್ಲ. ಇಳಿಜಾರಿನಲ್ಲಿ ಮುಂದಕ್ಕೆ ಓಡುತ್ತದೆ, ಮೈಭಾರ ಬಿಟ್ಟರೆ ಹಿಂದಕ್ಕೆ ಮಗುಚುತ್ತದೆ. ಅದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಸೀಟಿನ ಮೇಲೆ ಒಂದು ಚೀಲ ಗೋಧಿ ಇರಿಸಿ ಬೆಲ್ಟು ಬಿಗಿದರು. ಸರಿಹೋಯಿತು.

ಆ ದಿನ ಆಸ್ಪತ್ರೆಯಲ್ಲಿ ಸಮಾರಂಭ. ಅವರ ಕೈಕೆಳಗೆ ಪಳಗಿದ ಚಿಕ್ಕ ಸಿಸ್ಟರ್ ಅಂದು ಹೆಡ್ ನರ್ಸ್ ಆಗಿ ಅಧಿಕಾರ ವಹಿಸಿಕೊಳ್ಳುವವರಿದ್ದರು. ಮಗಳು ಬೆಳಿಗ್ಗೆಯೇ ಫೋನು ಮಾಡಿದಳು.

"ಅಮ್ಮಾ, ಕೂತ್ಕೊಂಡು ಹೋಗು. ಅಪ್ಪ ತಳ್ತಾರೆ. ಇಲ್ಲಾಂದ್ರೆ ಹೋಗಲೇಬೇಡ."

"ಆ ಬಾಗಿಲಲ್ಲಿ ಜನಾನ ತಳ್ಕೊಂಡು ಹೋದೋಳು ನಾನು. ತಳ್ಳಿಸ್ಕೊಂಡು ಹೋಗಲ್ಲ," ಎಂದು ಸಿಸ್ಟರ್ ಫೋನಿಟ್ಟರು. ಯಜಮಾನರ ಕಡೆ ತಿರುಗಿ, "ನೀವು ಮುಂದೆ ಹೋಗಿ ಶೇವಿಂಗ್ ಮಾಡಿಸ್ಕೊಳ್ಳಿ. ಪಕ್ಕದಲ್ಲೇ ಕಾವಲು ಬಂದ್ರೆ ನನಗೇ ಏನೋ ಆಗಿದೆ ಅನ್ಕೋತಾರೆ," ಎಂದರು.

"ಆಗಿದೆಯಲ್ಲೇ," ಎಂದರು ಯಜಮಾನರು. ಪತ್ರಿಕೆಯೊಂದರಲ್ಲಿ ಪ್ರೂಫ್ ರೀಡರ್ ಆಗಿದ್ದವರು. ತಪ್ಪು ಕಂಡರೆ ತಿದ್ದದೆ ಇರಲಾರರು.

"ನಡೀರಿ ಅಂದೆ."

ಅವರು ನಡೆದರು. ಸಿಸ್ಟರ್, ಗೋಧಿಚೀಲ ಕಂಡವರು ಪ್ರಶ್ನೆ ಕೇಳಬಾರದೆಂದು ಅದರ ಮೇಲೆ ಯಜಮಾನರ ಕಂದು ಶಾಲು ಹೊದಿಸಿ ಬೀದಿಗಿಳಿದರು.

ಎದುರು ಕಟ್ಟಡದ ಮೇಲುಮಹಡಿಯಲ್ಲಿ ಬಾಲ್ಕನಿಯಮ್ಮ ನಿಂತಿದ್ದರು. ಅವರು ಅಲ್ಲಿ ನಿಂತಿಲ್ಲದ ಹೊತ್ತನ್ನು ಬೀದಿ ಕಂಡಿರಲಿಲ್ಲ. ಮೇಲಿನಿಂದ ನೋಡಿದರೆ ಕುರ್ಚಿಯಲ್ಲಿ ತಲೆ ತಗ್ಗಿಸಿ, ಮೈ ಮುದುಡಿ, ಬೆಲ್ಟಿಗೆ ಜೋತುಬಿದ್ದ ಒಂದು ಜೀವ. ಶಾಲಂತೂ ಯಜಮಾನರದೇ.

"ಅಯ್ಯೋ, ನೆನ್ನೆ ಚೆನ್ನಾಗಿದ್ರಲ್ಲ!" ಎಂದು ಬಾಲ್ಕನಿಯಮ್ಮ ಚಪ್ಪಲಿ ಹುಡುಕಲು ಒಳಗೆ ಓಡಿದರು.

ಸಿಸ್ಟರ್ ಹಿಟ್ಟಿನ ಗಿರಣಿಯ ಮುಂದೆ ಉಸಿರು ತೆಗೆದುಕೊಳ್ಳಲು ಅರೆಕ್ಷಣ ನಿಂತರು. ಆ ಅರೆಕ್ಷಣವೇ ಸಾಕಾಯಿತು. ಗಿರಣಿಯವನು ಹೊರಗೆ ಬಂದ, ಶಾಲು ಸರಿಸಿದ, ಬೆಲ್ಟು ಬಿಚ್ಚಿದ, ಚೀಲ ಹೆಗಲಿಗೇರಿಸಿ ಗೋಧಿಯನ್ನು ಯಂತ್ರದ ಬಾಯಿಗೆ ಸುರಿದೇಬಿಟ್ಟ.

"ನುಣ್ಣಗೆ ತಾನೇ, ಸಿಸ್ಟರ್? ಬರೋವಾಗ ತಗೊಂಡೋಗಿ!" ಎಂದು ಒಳಗಿನಿಂದ ಕೂಗಿದ.

ಅದು ಹಿಟ್ಟಿಗಲ್ಲ, ಭಾರಕ್ಕೆ ಎನ್ನಬೇಕು. ಭಾರ ಯಾಕೆ ಎಂದು ಅವನು ಕೇಳುತ್ತಾನೆ. ಸಿಸ್ಟರ್, "ನುಣ್ಣಗೇ ಆಗಲಿ," ಎಂದು ಖಾಲಿ ಕುರ್ಚಿಯನ್ನು ತಳ್ಳಿದರು. ಅದು ಹಗ್ಗ ಬಿಚ್ಚಿದ ಮೇಕೆಯ ಹಾಗೆ ಎಳೆಯತೊಡಗಿತು. ಕ್ಷೌರದಂಗಡಿ ಮುಟ್ಟುವಷ್ಟರಲ್ಲಿ ಅವರ ಹಣೆ ಬೆವೆತಿತ್ತು.

ಒಂದೇ ಗಳಿಗೆಯಲ್ಲಿ ಎರಡು ಸಂಗತಿ ನಡೆದವು. ಅಂಗಡಿಯೊಳಗಿಂದ ಯಜಮಾನರು ಫಳಫಳ ಹೊಳೆಯುವ ಗಲ್ಲ ಸವರಿಕೊಳ್ಳುತ್ತ ಎರಡು ಮೆಟ್ಟಿಲನ್ನು ಒಟ್ಟಿಗೆ ಇಳಿದರು. ಬೀದಿಯ ಆ ತುದಿಯಿಂದ ಬಾಲ್ಕನಿಯಮ್ಮ ಎರಡು ಬಗೆಯ ಚಪ್ಪಲಿ ಮೆಟ್ಟಿ ಓಡಿಬಂದರು. ಖಾಲಿ ಕುರ್ಚಿ ನೋಡಿದರು, ಜೋತಾಡುವ ಬೆಲ್ಟು ನೋಡಿದರು, ಯಜಮಾನರನ್ನು ನೋಡಿದರು.

"ಎದ್ದು ನಡೀತಿದಾರೆ! ರೀ ದರ್ಜಿಯವರೇ, ಬನ್ನಿ ಇಲ್ಲಿ! ಈಗ ತಾನೇ ಈ ಕುರ್ಚೀಲಿ ಕತ್ತೂ ನಿಲ್ಲದೆ ಬಿದ್ದಿದ್ರು. ಕಣ್ಣಾರೆ ಕಂಡೆ. ಸಿಸ್ಟರ್ ಎಬ್ಬಿಸಿ ನಡೆಸಿಬಿಟ್ರು!"

"ಅದು ಗೋಧಿ..." ಎಂದು ಯಜಮಾನರು ತಿದ್ದಲು ಹೊರಟರು.

ಸಿಸ್ಟರ್ ಅವರನ್ನು ನೋಡಿದರು. ಆ ನೋಟಕ್ಕೆ ಹಿಂದೆ ಇಡೀ ವಾರ್ಡು ಕೆಮ್ಮು ನುಂಗಿಕೊಳ್ಳುತ್ತಿತ್ತು. ಯಜಮಾನರೂ ಮಾತು ನುಂಗಿಕೊಂಡರು.

"ಸ್ವಲ್ಪ ವ್ಯಾಯಾಮ ಮಾಡಿಸ್ತಿದೀನಿ. ಅಷ್ಟೇ," ಎಂದರು ಸಿಸ್ಟರ್.

ಕ್ಷೌರಿಕನಿಗೆ ಸತ್ಯ ಪೂರ್ತಿ ಗೊತ್ತಿತ್ತು. ಯಜಮಾನರು ತಾವೇ ನಡೆದು ಬಂದು, ತಾವೇ ಕೂತು, ದಿನಪತ್ರಿಕೆಯಲ್ಲಿ ತಪ್ಪು ಹುಡುಕುತ್ತ ಶೇವಿಂಗ್ ಮಾಡಿಸಿಕೊಂಡಿದ್ದರು. ಆದರೆ ಜನ ಸೇರುತ್ತಿದ್ದರು.

"ಒಳಗೆ ಬಂದಾಗ ಹೇಗಿದ್ರು ಅಂತ ನನ್ನ ಬಾಯಿಂದ ಹೇಳಿಸ್ಬೇಡಿ," ಎಂದ ಕ್ಷೌರಿಕ, ಸೋಪಿನ ಬ್ರಷ್ಷು ಎತ್ತಿ ಹಿಡಿದು. "ಸಿಸ್ಟರ್ ಕೈಗುಣ ಇಲ್ಲ ಅನ್ನಲ್ಲ. ಆದ್ರೆ ಕತ್ತು ಒಂದ್ಸಲ ತಿರುಗಿಸಿದೆ ನೋಡಿ, ಟಕ್ ಅಂತು!"

"ಸಿಸ್ಟರ್, ನನ್ನ ಬೆನ್ನು..." ಎಂದು ದರ್ಜಿ ಮುಂದೆ ಬಂದ.

"ಏನಯ್ಯಾ, ಮೊದಲು ನೋಡಿದ್ದು ನಾನು," ಎಂದು ಬಾಲ್ಕನಿಯಮ್ಮ ಅವನನ್ನು ಸರಿಸಿ ಕುರ್ಚಿಯಲ್ಲಿ ಕುಕ್ಕರಿಸಿದರು. ಬೆಲ್ಟು ತಾವೇ ಬಿಗಿದುಕೊಂಡರು. "ನನ್ನ ಮಂಡಿ ನಿಮಗೆ ಗೊತ್ತಲ್ಲ ಸಿಸ್ಟರ್. ಆಸ್ಪತ್ರೆಗೇ ತಾನೇ ಹೊರಟಿದ್ದು? ನಡೀರಿ, ನಡೀರಿ."

ಇಳಿಯಿರಿ ಎನ್ನಲು ಬಾಯಿ ತೆರೆದ ಸಿಸ್ಟರ್ ಹಿಡಿಕೆಯನ್ನು ಒಮ್ಮೆ ಒತ್ತಿ ನೋಡಿದರು. ಕುರ್ಚಿ ಬಂಡೆಯಂತೆ ನಿಂತಿತ್ತು. ಬಾಲ್ಕನಿಯಮ್ಮನ ತೂಕ ಗೋಧಿಗಿಂತ ಎಷ್ಟೋ ಪಾಲು ಹೆಚ್ಚು. ಗೋಧಿ ಮಾತಾಡುತ್ತಿರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಹೊರಟರು. ಪಕ್ಕದಲ್ಲಿ ಯಜಮಾನರು ಕೈಬೀಸಿ ನಡೆಯುತ್ತಿದ್ದರು.

"ಸ್ವಲ್ಪ ಕುಂಟ್ರೀ," ಎಂದರು ಸಿಸ್ಟರ್ ಹಲ್ಲುಗಳ ನಡುವಿನಿಂದ.

"ಯಾವ ಕಾಲು?"

"ಯಾವುದಾದ್ರೂ ಒಂದು. ಮಧ್ಯದಲ್ಲಿ ಬದಲಾಯಿಸ್ಬೇಡಿ."

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಎದ್ದು ಸಲಾಮು ಹೊಡೆದ. ಸಿಸ್ಟರ್ ಬೆನ್ನು ನೆಟ್ಟಗೆ ಮಾಡಿಕೊಂಡು, ರೋಗಿಯನ್ನು ಮುಂದಿಟ್ಟುಕೊಂಡು, ತಮ್ಮ ಕಾಲ ಮೇಲೆ ತಾವು, ಆ ಬಾಗಿಲನ್ನು ದಾಟಿದರು. ಎದುರು ಸಿಕ್ಕ ನರ್ಸುಗಳು ಗೋಡೆಗೆ ಒತ್ತಿ ದಾರಿ ಬಿಟ್ಟರು. ಮಗಳು ಇಲ್ಲಿದ್ದು ನೋಡಬೇಕಿತ್ತು ಎನಿಸಿತು.

ಆಗ ಹಿಂದಿನಿಂದ ಹಳೆಯ ಅಟೆಂಡರ್ ಓಡಿಬಂದ. "ಮೇಡಂ, ನಾವಿರೋವಾಗ ನೀವು ತಳ್ಳೋದಾ? ಬಿಡಿ, ಬಿಡಿ!" ಬಿಡುವ ಮೊದಲೇ ಕಸಿದುಕೊಂಡ. ಬಾಲ್ಕನಿಯಮ್ಮನ ಸಮೇತ ಕುರ್ಚಿ ಮೂಳೆ ವಿಭಾಗದ ತಿರುವಿನಲ್ಲಿ ಮಾಯವಾಯಿತು.

ಸಿಸ್ಟರ್ ಎಡಗೈಯಿಂದ ಗೋಡೆ ಹಿಡಿದರು. ಸಭಾಂಗಣ ಕಾರಿಡಾರಿನ ಆ ತುದಿಯಲ್ಲಿ. ಗೋಡೆ ನಡುನಡುವೆ ಬಾಗಿಲುಗಳಿಗೆ ಜಾಗ ಬಿಟ್ಟಿತ್ತು.

"ಹೋಗಿ, ಕುರ್ಚಿ ಇಸ್ಕೊಂಡು ಬನ್ನಿ," ಎಂದರು ಯಜಮಾನರಿಗೆ. ಅವರು ಕುಂಟುತ್ತಲೇ ಓಡಿದರು.

ಅಷ್ಟರಲ್ಲಿ ಕ್ಯಾಂಟೀನಿನ ಹೆಂಗಸು ಚಹಾದ ತಳ್ಳುಗಾಡಿ ತಂದಳು. ನಾಲ್ಕು ಗಾಲಿ, ಎದೆಮಟ್ಟದ ಹಿಡಿಕೆ, ಮೇಲೆ ತುಂಬಿದ ಪಾತ್ರೆ: ಭಾರಕ್ಕೆ ಭಾರ. ಸಿಸ್ಟರ್ ಕಣ್ಣಿಗೆ ಅದು ರಥದಂತೆ ಕಂಡಿತು.

"ಕೊಡಮ್ಮ ಇಲ್ಲಿ. ಕಪ್ಪುಗಳು ಹೀಗಾ ಜೋಡಿಸೋದು? ಅರ್ಧದಾರೀಲಿ ಒಡೀತವೆ. ನೀನು ಮುಂದೆ ಹೋಗಿ ಬಾಗಿಲು ತೆಗಿ."

ಸಭಾಂಗಣದ ಬಾಗಿಲು ತೆರೆಯಿತು. ಮುಖ್ಯ ವೈದ್ಯರು, ಚಿಕ್ಕ ಸಿಸ್ಟರ್, ಸಾಲುಸಾಲು ನರ್ಸುಗಳು ತಿರುಗಿ ನೋಡಿದರು. ದೊಡ್ಡ ಸಿಸ್ಟರ್ ಚಹಾ ತಳ್ಳಿಕೊಂಡು ಬರುತ್ತಿದ್ದರು. ಚಪ್ಪಾಳೆ ಚಾವಣಿಗೆ ಬಡಿಯಿತು.

"ನಿವೃತ್ತಿ ಆದ್ರೂ ಕೈ ಸುಮ್ಮನಿರಲ್ಲ ನೋಡಿ," ಎಂದು ಮುಖ್ಯ ವೈದ್ಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಿಸ್ಟರ್ ಗಾಡಿಯಿಂದ ಮೇಜಿಗೆ, ಮೇಜಿನಿಂದ ಕುರ್ಚಿಗೆ ಕೈ ಬದಲಿಸಿ ಮೊದಲ ಸಾಲಿನಲ್ಲಿ ಕೂತರು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಚಿಕ್ಕ ಸಿಸ್ಟರ್ ಭಾಷಣಕ್ಕೆ ಎದ್ದರು. ಅಟೆಂಡರ್ ಬಂದು ಅವರ ಕಿವಿಯಲ್ಲಿ ಏನೋ ಹೇಳಿದ. ಅವರ ಮುಖ ಅರಳಿತು.

"ನನಗೆ ಕೆಲಸ ಕಲಿಸಿದವರು ಇವತ್ತು ಬರಿಗೈಲಿ ಬಂದಿಲ್ಲ. ಹೊರರೋಗಿ ವಿಭಾಗದಲ್ಲಿ ನಮಗಿರೋದು ಎರಡೇ ಗಾಲಿಕುರ್ಚಿ. ಎರಡಕ್ಕೂ ಸೇರಿ ಓಡೋ ಗಾಲಿ ಮೂರು. ಈಗ ತಿಳೀತು, ದೊಡ್ಡ ಸಿಸ್ಟರ್ ಒಂದು ಹೊಚ್ಚ ಹೊಸ ಕುರ್ಚೀನ ತಾವೇ ತಳ್ಕೊಂಡು ಬಂದು ಆಸ್ಪತ್ರೆಗೆ ಒಪ್ಪಿಸಿದಾರಂತೆ!"

ಈ ಸಲದ ಚಪ್ಪಾಳೆಗೆ ಎಲ್ಲರೂ ಎದ್ದು ನಿಂತರು.

ಸಿಸ್ಟರ್ ಬಾಯಿ ತೆರೆದರು. ಕುರ್ಚಿ ನನ್ನದು ಎಂದರೆ ಸಾಲದು. ಅದಿಲ್ಲದೆ ನಾನು ನಡೆಯಲಾರೆ ಎಂದೂ ಹೇಳಬೇಕಿತ್ತು. ಮೊದಲ ಮಾತು ಸುಲಭ. ಎರಡನೆಯದು ಅವರಿಂದಾಗದು.

"ಗಾಲಿಗೆ ಆಗಾಗ ಎಣ್ಣೆ ಬಿಡಿ," ಎಂದುಬಿಟ್ಟರು.

ಸಭೆ ಮುಗಿದು ಸಭಾಂಗಣ ಖಾಲಿಯಾದಾಗ ಯಜಮಾನರು ಬಂದರು.

"ಕೊಡಲ್ವಂತೆ. ಆಸ್ಪತ್ರೆ ಸ್ವತ್ತಂತೆ. ಬೆನ್ನಿನ ಮೇಲೆ ಹೆಸರೂ ಬರೆದಾಯ್ತು. 'ಆಸ್ಪತ್ರೆ'ಗೆ ರ ಒತ್ತಿನ ಬದಲು ತ ಒತ್ತು ಕೊಟ್ಟಿದ್ರು. ನಾನೇ ಬ್ರಷ್ ಇಸ್ಕೊಂಡು ತಿದ್ದಿ ಬಂದೆ."

ಹಿಂದೆಯೇ ಅಟೆಂಡರ್ ಆ ಕುರ್ಚಿಯನ್ನು ತಳ್ಳಿಕೊಂಡು ಬಂದ. "ಮೇಡಂಗೆ ಸುಸ್ತಾಗಿದೆ, ಗೇಟಿನ ತನಕ ಬೇಕು ಅಂದ್ರು ಯಜಮಾನ್ರು. ಕೂತ್ಕೊಳ್ಳಿ, ಬಿಡ್ತೀನಿ."

"ನೀನು ಬಿಟ್ಟು ಹೋಗು. ನಾನೇ ತಳ್ಕೊಂಡು ಹೋಗ್ತೀನಿ."

"ಆಗಲ್ವಲ್ಲ ಮೇಡಂ. ಖಾಲಿ ಕುರ್ಚಿ ಯಾರ ಕೈಗೂ ಕೊಡೋ ಹಾಗಿಲ್ಲ. ಯಾರಾದ್ರೂ ಕೂತಿರ್ಬೇಕು, ಅಟೆಂಡರ್ ತಳ್ಬೇಕು." ಅವನು ತಲೆ ಕೆರೆದುಕೊಂಡ. "ರೂಲ್ಸ್ ನೀವೇ ಮಾಡಿದ್ದು."

ಅದು ನಿಜ. ಗೋಡೆಯ ಮೇಲೆ ಇನ್ನೂ ಅವರ ಸಹಿಯೊಂದಿಗೇ ತೂಗುತ್ತಿತ್ತು.

ದೊಡ್ಡ ಸಿಸ್ಟರ್ ಕೂತರು.

ಇಷ್ಟು ವರ್ಷ ಹಿಂದಿನಿಂದ ನೋಡಿದ ಕಾರಿಡಾರು ಮುಂದಿನಿಂದ ಬೇರೆಯೇ ಆಗಿತ್ತು. ಎದುರು ಬರುವವರ ಮುಖಕ್ಕಿಂತ ಮೊದಲು ಹೊಟ್ಟೆ ಕಾಣುತ್ತದೆ. ತಿರುವಿನಲ್ಲಿ ಗೋಡೆ ಮೊಣಕಾಲಿನ ಮೇಲೆಯೇ ಏರಿ ಬರುತ್ತದೆ. ಇದನ್ನು ಯಾವ ರೋಗಿಯೂ ತಮಗೆ ಹೇಳಿರಲಿಲ್ಲ. ತಾವು ಕೇಳಿರಲೂ ಇಲ್ಲ.

"ನಿಧಾನ! ತಿರುವಲ್ಲಿ ಹೀಗೆ ನುಗ್ತಾರಾ? ಕೂತೋರ ಜೀವ ಬಾಯಿಗೆ ಬರುತ್ತೆ. ಇನ್ನೊಂದ್ಸಲ ತಿರುಗಿಸು, ನೋಡೋಣ."

ಅಟೆಂಡರ್ ಹಿಂದೆ ಸರಿದು ಮತ್ತೆ ತಿರುಗಿಸಿದ. ಬಾಗಿಲಲ್ಲಿ ನಿಂತ ನರ್ಸುಗಳು ಒಬ್ಬರನ್ನೊಬ್ಬರು ತಿವಿದರು.

"ನೋಡ್ರೇ, ಕೊಟ್ಟ ಕುರ್ಚಿ ಸರಿಯಾಗಿದೆಯಾ ಅಂತ ತಾವೇ ಕೂತು ಪರೀಕ್ಷೆ ಮಾಡ್ತಿದಾರೆ. ಇಂಥೋರು ಇನ್ನೆಲ್ಲಿ ಸಿಗ್ತಾರೆ!"

ಸಿಸ್ಟರ್ ಗಲ್ಲ ಮೇಲೆತ್ತಿದರು. ಬ್ರೇಕನ್ನು ಒಮ್ಮೆ ಎಳೆದು, "ಪರವಾಗಿಲ್ಲ," ಎಂದು ಗಟ್ಟಿಯಾಗಿ ಹೇಳಿದರು.

ಗೇಟಿನಲ್ಲಿ ಇಳಿಸಿ, ಸಲಾಮು ಹೊಡೆದು, ಅಟೆಂಡರ್ ಕುರ್ಚಿಯೊಂದಿಗೆ ಹಿಂದಿರುಗಿದ. ಸಿಸ್ಟರ್ ಗೇಟಿನ ಕಂಬಿ ಹಿಡಿದು ನಿಂತರು. ಮನೆಯವರೆಗಿನ ಬೀದಿ ಬಿಸಿಲಿನಲ್ಲಿ ಚಾಪೆಯ ಹಾಗೆ ಬಿಚ್ಚಿಕೊಂಡಿತ್ತು.

"ನನ್ನ ತೋಳು ಹಿಡ್ಕೋ," ಎಂದರು ಯಜಮಾನರು.

"ಜನ ನೋಡ್ತಾರೆ."

"ಮತ್ತೆ ಹೇಗೇ ಹೋಗೋದು?"

ಸಿಸ್ಟರ್ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡಿದರು. ಎತ್ತರ ಸರಿಯಿತ್ತು. ತೂಕವೂ ಸಾಕಿತ್ತು.

"ನೀವು ಮುಂದೆ ನಿಲ್ಲಿ," ಎಂದು ಎರಡೂ ಕೈಗಳನ್ನು ಅವರ ಹೆಗಲ ಮೇಲೆ ಊರಿದರು. "ಹ್ಞೂಂ, ನಡೀರಿ. ನಾನು ತಳ್ತೀನಿ."

ಗೇಟಿನೊಳಗಿಂದ ಬಾಲ್ಕನಿಯಮ್ಮ ನೋವಿನ ಮುಲಾಮು ಹಿಡಿದು, ಎಂದಿನಂತೆ ದಾಪುಗಾಲು ಹಾಕುತ್ತ ಬಂದರು. ಬೀದಿಯಲ್ಲಿ ಒಂದರ ಹಿಂದೊಂದು ಹೋಗುತ್ತಿದ್ದ ಆ ಎರಡು ಆಕೃತಿಗಳನ್ನು ನೋಡಿ ಕಾವಲುಗಾರನ ಪಕ್ಕ ನಿಂತರು.

"ಪಾಪ, ಯಜಮಾನ್ರಿಗೆ ಇನ್ನೂ ಪೂರ್ತಿ ವಾಸಿ ಆಗಿಲ್ಲ ನೋಡಿ," ಎಂದು ಲೊಚಗುಟ್ಟಿದರು. "ಸಿಸ್ಟರ್ ಇದಾರೆ, ಹೆಂಗೋ ನಡೆಸ್ಕೊಂಡು ಹೋಗ್ತಿದಾರೆ."