ಸುಗುಣಾಬಾಯಿಯ ಕೇಳಿಸಬಾರದ ದನಿ

ಬೇರೆಯವರನ್ನು ಸುಮ್ಮನಿರಿಸುವುದಕ್ಕೆಂದೇ ಕೆಲವರು ಹುಟ್ಟಿ ಬಂದಿರುತ್ತಾರೆ. ನಾನು ಆ ಪೈಕಿ. ಹಾಡಲು ಬಾರದು, ಬಾರಿಸಲು ಬಾರದು, ಸಭೆಯಲ್ಲಿ ಎದ್ದು ನಿಂತು ಎರಡು ಮಾತು ಹೇಳು ಎಂದರೆ ನಾಲಗೆ ಒಣಗುತ್ತದೆ. ಆದರೆ 'ಗಪ್!' ಎಂದು ಒಮ್ಮೆ ಅಂದೆನೆಂದರೆ ಮುದ್ದೇಬಿಹಾಳದ ನಮ್ಮ ಶಾಲೆಯಲ್ಲಿ ನನ್ನ ವರ್ಗವಷ್ಟೇ ಅಲ್ಲ, ಪಕ್ಕದ ವರ್ಗವೂ, ಅಲ್ಲಿ ಪಾಠ ಹೇಳುತ್ತಿದ್ದ ಮಾಸ್ತರರೂ ಬಾಯಿ ಮುಚ್ಚುತ್ತಿದ್ದರು. ಹೀಗೆ ನನಗೆ ಶಾಂತತೆ ಎಂದರೆ ಪ್ರಾಣ. ಅದು ನಮ್ಮ ಸೀಮೆಯಲ್ಲಿ ಸಿಗುವ ವಸ್ತುವಲ್ಲ ಎಂಬುದು ಬೇರೆ ಮಾತು. ನಮ್ಮ ಕಡೆ ಮೆಲ್ಲಗೆ ಮಾತಾಡಿದರೆ 'ಯಾಕ, ಆರಾಮಿಲ್ಲೇನು?' ಎಂದು ಕೇಳುತ್ತಾರೆ. ಮೈಸೂರು ಕಡೆಯ ಸಾಹೇಬರೊಬ್ಬರು ಶಾಲೆಯ ತಪಾಸಣೆಗೆ ಬಂದವರು ನಮ್ಮ ಮನೆಗೆ ಚಹಾಕ್ಕೆ ಬಂದಿದ್ದಾಗ, ಒಳಗೆ ಅಪ್ಪ ಅವ್ವ ಸಕ್ಕರೆ ಎಷ್ಟು ಹಾಕಬೇಕೆಂದು ವಿಚಾರ ಮಾಡುವುದನ್ನು ಕೇಳಿ ಜಗಳ ಬಿಡಿಸಲು ಎದ್ದೇಬಿಟ್ಟಿದ್ದರು.

ಅಪ್ಪನ ದನಿಯಂತೂ ಓಣಿಗೆಲ್ಲ ಪರಿಚಿತ. ಅವರು ಸೋಮವಾರದ ಭಜನಾ ಮಂಡಳಿಯ ಮುಖಂಡರು. ಕೈಯಲ್ಲಿ ತಾಳ ಹಿಡಿದು ಅವರು ಭಜನೆ ಎತ್ತಿದರೆ ಬಸ್ ಸ್ಟ್ಯಾಂಡಿನಲ್ಲಿ ತಾಳಿಕೋಟೆಯ ಬಸ್ಸಿಗೆ ಕಾಯುವವರಿಗೂ ಪದ ಸ್ಪಷ್ಟವಾಗಿ ಕೇಳಬೇಕು. ಕೇಳಲಿಲ್ಲವೆಂದು ಯಾರಾದರೂ ಹೇಳಿದರೆ ಆ ವಾರವೆಲ್ಲ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಇಂಥ ಮನೆಗೆ ನಾನು ಸೊಲ್ಲಾಪುರದಿಂದ ಒಂದು ರೆಕಾರ್ಡ್ ಪ್ಲೇಯರ್ ತಂದೆ. ಸಣ್ಣ ಸೂಟ್‌ಕೇಸಿನಷ್ಟಿತ್ತು, ಸೆಲ್ ಹಾಕಿದರೆ ಹಾಡುತ್ತಿತ್ತು. ನನ್ನ ಉದ್ದೇಶ ಸಂಜೆ ಒಬ್ಬನೇ ಕೂತು ಸಿನಿಮಾ ಹಾಡು ಕೇಳುವುದು. ಆದರೆ ಮೂರನೆಯ ಹಾಡಿಗೇ ಅಪ್ಪ ತಾಳ ತಂದು ಎದುರಿಗೆ ಕೂತರು. ಹಾಡು ಬರುವಾಗ ಕೈ ಕಟ್ಟಿಕೊಂಡು ಕೂಡುವುದು ಅವರ ಮಟ್ಟಿಗೆ, ಉಣ್ಣಲು ಕೂತು ಎಲೆ ನೋಡುತ್ತಾ ಇರುವಂತೆ.

ಈ ಹಾಡುಗಳ ಗದ್ದಲ ಕೇಳಿಯೇ ಒಂದು ದಿನ ಸುಗುಣಾಬಾಯಿ ನಮ್ಮ ಬಾಗಿಲಿಗೆ ಬಂದು ನಿಂತರು. ಸರಕಾರಿ ದವಾಖಾನೆಯ ನರ್ಸ್. ಗದಗಿನ ಕಡೆಯ ಕ್ರಿಶ್ಚಿಯನ್ನರು. ಆರು ತಿಂಗಳ ಹಿಂದೆ ನನ್ನ ಹೆಂಡತಿ ಶಾಂತಾಳ ಹೆರಿಗೆ ಮಾಡಿಸಿ, ನಮ್ಮ ಮಗಳನ್ನು ಮೊಟ್ಟಮೊದಲು ಎತ್ತಿಕೊಂಡವರು ಅವರೇ. ದವಾಖಾನೆಯಲ್ಲಿ ಅವರ ದನಿಗೆ ಅಂಜದವರಿಲ್ಲ. ಅವತ್ತು ವಾರ್ಡಿನೊಳಗಿನಿಂದ 'ಮಾಸ್ತರ, ಬಿಸಿನೀರು!' ಎಂದು ಅವರು ಕೂಗಿದ್ದಕ್ಕೆ ನಾನು ಮಾತ್ರವಲ್ಲ, ಗೇಟಿನ ಹೊರಗಿದ್ದ ಟಾಂಗಾದವನೂ ಕೊಡ ಹುಡುಕಿಕೊಂಡು ಓಡಿದ್ದ. ಅಂಥವರು ಇವತ್ತು ಎದೆಗೆ ಒಂದು ರೆಕಾರ್ಡು ಅವಚಿಕೊಂಡು ನಾಚುತ್ತಾ ನಿಂತಿದ್ದರು.

"ಮಾಸ್ತರ, ಇದನ್ನೊಮ್ಮೆ ಹಚ್ಚತೀರೇನ್ರಿ? ನಾ ಇನ್ನೂ ಕೇಳೇ ಇಲ್ಲ," ಎಂದರು.

ಸಂಗತಿ ಇಷ್ಟು. ಅವರು ಕಲಿತ ನರ್ಸಿಂಗ್ ಶಾಲೆಯಲ್ಲಿ ಒಂದು ಪುಟ್ಟ ಚರ್ಚು. ಚಾಪೆಲ್ ಎನ್ನುತ್ತಾರಂತೆ. ಅಲ್ಲಿ ಹಾಡುವ ಗುಂಪು ಕ್ವಾಯರ್. ವಾದ್ಯವಿಲ್ಲ, ಬರೀ ಕೊರಳು. ಆ ಗುಂಪನ್ನು ಮದ್ರಾಸಿಗೆ ಕರೆದೊಯ್ದು ದೇವರ ಹಾಡುಗಳ ಒಂದು ರೆಕಾರ್ಡು ಮಾಡಿಸಿದರು. ರೆಕಾರ್ಡು ತಯಾರಾಗಿ ಬರುವಷ್ಟರಲ್ಲಿ ಇವರಿಗೆ ಮುದ್ದೇಬಿಹಾಳಕ್ಕೆ ಆರ್ಡರಾಗಿತ್ತು. ಅಂಚೆಯಲ್ಲಿ ಬಂದದ್ದನ್ನು ಸೀರೆಗಳ ನಡುವೆ ಟ್ರಂಕಿನಲ್ಲಿ ಇಟ್ಟುಕೊಂಡು ಎರಡು ವರ್ಷ ಕಳೆದಿದ್ದರು. ಇಲ್ಲಿ ಅವರಿಗೆ ಚಾಪೆಲ್ಲೂ ಇಲ್ಲ, ಜೊತೆಗೆ ಹಾಡುವವರೂ ಇಲ್ಲ. ಭಾನುವಾರ ಕ್ವಾರ್ಟರ್ಸಿನಲ್ಲಿ ಒಬ್ಬರೇ ಹಾಡಿಕೊಳ್ಳುತ್ತಿದ್ದರಂತೆ.

ಅಪ್ಪನಿಗೆ ಖುಷಿಯೋ ಖುಷಿ. "ಬಾಯಾರ, ನೀವೂ ಭಜನಿಯವರಂತ ಮೊದ್ಲ ಹೇಳಬಾರದೇನು! ನಿಮ್ಮ ದನಿ ಬಂದ ಕೂಡ್ಲೇ ಒಂದು ಟೆಂಗಿನಕಾಯಿ ಒಡಸ್ತೇನಿ. ಮಮ್ಮಗಳು ಹುಟ್ಟಿದಾಗ ನಾವು ನಿಮಗ ಏನೂ ಮಾಡಿಲ್ಲ," ಎಂದು ಕಾಯಿ ತರಿಸಿಯೇಬಿಟ್ಟರು.

ಸುಗುಣಾಬಾಯಿ ಗಾಬರಿಯಾದರು. "ಅಯ್ಯ, ನನ್ನ ದನಿ ಕೇಳಸಬಾರದ್ರೀ ಯಜಮಾನರ!"

"ಹಾಡಿದ್ದು ಕೇಳಸಬಾರದಂದ್ರ ಹಾಡೂದ್ಯಾಕ?"

"ಎಲ್ಲಾರೂ ಕೂಡಿ ಒಂದೇ ದನಿ ಆಗಬೇಕ್ರಿ ಅದು. ಯಾರದರ ದನಿ ಎದ್ದು ಕೇಳ್ತಂದ್ರ ನಮ್ಮ ಕ್ವಾಯರ್ ಮಾಸ್ತರು ಅವರ ಕಡೆ ಹೊಳ್ಳಿ ನೋಡ್ತಿದ್ರು. ಬೈತಿರಲಿಲ್ಲ, ಬರೇ ನೋಡ್ತಿದ್ರು. ಹಾಡು ಕಲಿಯೂತನಕ ಅವರು ನೋಡಿದ್ದು ನನ್ನೊಬ್ಬಾಕಿನ್ನ. ಆದ್ರ ರೆಕಾರ್ಡಿನ ದಿನ ಒಮ್ಮಿನೂ ನೋಡ್ಲಿಲ್ಲರಿ. ನನ್ನ ದನಿ ಖರೇನ ಬೆರೆತಿತ್ತೋ, ಇಲ್ಲಾ ಇಕಿ ಸುಧಾರಿಸೂದಿಲ್ಲಂತ ಕೈಬಿಟ್ರೋ, ನನಗ ಗೊತ್ತಾಗಬೇಕಾಗೇತಿ."

ಹೇಳುವಾಗ ಅವರ ಕಣ್ಣು ತುಂಬಿತು. ಎರಡು ವರ್ಷ ಟ್ರಂಕಿನಲ್ಲಿ ಹೊತ್ತದ್ದು ರೆಕಾರ್ಡನ್ನಲ್ಲ, ಈ ಸಂಶಯವನ್ನು. ನನಗೂ ಪಾಪ ಅನ್ನಿಸಿತು. ಕೂಡಲೇ ಹಚ್ಚಿದೆ. ದೂರದಲ್ಲೆಲ್ಲೋ ಗಾಳಿ ಎದ್ದಂತೆ ದನಿಗಳು ಶುರುವಾದವು. ಅಷ್ಟರಲ್ಲಿ ಅಪ್ಪನ ತಾಳವೂ ಶುರುವಾಯಿತು. ಆದರೆ ಆ ಹಾಡು ತಾಳಕ್ಕೆ ಸಿಗುವ ಕುಲದ್ದಲ್ಲ. ಬೇಕಾದಲ್ಲಿ ನಿಲ್ಲುತ್ತದೆ, ಉಸಿರೆಳೆದುಕೊಳ್ಳುತ್ತದೆ, ಇನ್ನೇನು ಮುಗಿಯಿತೆನ್ನುವಾಗ ಏಳುತ್ತದೆ. ಅಪ್ಪ ಬೆನ್ನು ಹತ್ತಿ ಹತ್ತಿ ಬೆವರಿದರು. ಕೊನೆಗೆ ತಾಳ ಕೆಳಗಿಟ್ಟು, "ಬಾಯಾರ, ನಿಮ್ಮ ಮಂದಿ ಛಲೋ ಹಾಡ್ತಾರ. ಆದ್ರ ಯಾರೂ ಮನಿಗೆ ಹೋಗೂ ಅವಸರದಾಗ ಇಲ್ಲ ನೋಡ್ರಿ," ಎಂದರು. ಅವತ್ತು ಸುಗುಣಾಬಾಯಿಗೆ ಕೇಳಿಸಿದ್ದು ತಾಳ ಮಾತ್ರ.

ಮರುದಿನ ಸಂಜೆ ತಾಳವನ್ನು ಅಡಗಿಸಿಟ್ಟೆ. ಆದರೆ ಸುದ್ದಿ ಓಣಿಯಲ್ಲೆಲ್ಲ ಹಬ್ಬಿ, ನರ್ಸಬಾಯಿಯ ದನಿ ಹುಡುಕಲು ಹೆಂಗಸರು ಪಡಸಾಲೆ ತುಂಬಿದ್ದರು. ಮೇಲಿನ ಸ್ವರ ಬಂದಾಗಲೆಲ್ಲ "ಇದ ಏನ್ ನಿಂದು?" ಎಂದು ಒಬ್ಬರು, "ಅಲ್ಲ, ಈಗ ಬಂತು ನೋಡು!" ಎಂದು ಇನ್ನೊಬ್ಬರು. "ನಂದು ಮ್ಯಾಲಿಂದಲ್ರಿ, ಹೆಣ್ಣಮಕ್ಕಳದಾಗ ಕೆಳಗಿಂದು," ಎಂದು ಸುಗುಣಾಬಾಯಿ ಹೇಳಿದರು. "ಕೆಳಗ್ಯಾಕ ನಿಂತಿ ತಂಗಿ? ಮ್ಯಾಲ ಜಾಗಾ ಕೊಡಲಿಲ್ಲೇನು?" ಎಂದು ಅವ್ವ ಮರುಗಿದಳು. ಇದೆಲ್ಲ ಇತ್ಯರ್ಥವಾಗುವ ಮೊದಲೇ ಸೆಲ್ ಇಳಿದವು. ಇಡೀ ಕ್ವಾಯರು ನಿದ್ದೆ ಬಂದವರಂತೆ ಆಕಳಿಸುತ್ತಾ ಹೋಗಿ ಮಲಗಿಯೇಬಿಟ್ಟಿತು. "ಈಗ ನೋಡು ತಾಳಕ್ಕ ಬಂದಿತ್ತು!" ಎಂದು ಅಪ್ಪ ಪೇಚಾಡಿದರು.

ಹೊಸ ಸೆಲ್ ಪೇಟೆಗೆ ಬರುವಷ್ಟರಲ್ಲಿ ಸುಗುಣಾಬಾಯಿಗೆ ಸಿಂದಗಿಗೆ ವರ್ಗವಾಯಿತು. ಭಾನುವಾರ ಮಧ್ಯಾಹ್ನದ ಬಸ್ಸು. ಅಂದು ಬೆಳಿಗ್ಗೆ ಟ್ರಂಕು ಹೊರಿಸಿಕೊಂಡು ನಮ್ಮ ಮನೆಗೇ ಬಂದರು. ಸಿಂದಗಿಯಲ್ಲಿ ಇಂಥ ಡಬ್ಬಿ ಯಾರ ಮನೆಯಲ್ಲಿದೆಯೋ, ಯಾರು ಬಲ್ಲರು? ಇದೇ ಕೊನೆಯ ಅವಕಾಶ. ಈ ಸಲ ಬಂದೋಬಸ್ತು ನಾನೇ ವಹಿಸಿಕೊಂಡೆ. ಅಪ್ಪ ಕಾಯಿ ಹಿಡಿದು ಮೂಲೆಯಲ್ಲಿ ಕೂತರು. ಅವ್ವನ ಬಾಯಿಗೆ ಎಲೆಯಡಿಕೆ ಕೊಟ್ಟೆ. ಮಗಳು ತೊಟ್ಟಿಲಲ್ಲಿ ಮಲಗಿದ್ದಳು. ನಾನು ಬಾಗಿಲಲ್ಲಿ ಪಹರೆ ನಿಂತೆ.

ಹಾಡು ಏಳುತ್ತಿದ್ದಂತೆ ಹೊರಗೆ ಮೊಸರಿನವಳು ಕೂಗಿದಳು. "ಗಪ್!" ಎಂದೆ. ಅವಳು ಗಪ್ಪಾದಳು. ಶಾಂತಾಳ ಬಳೆ ಸದ್ದು ಮಾಡಿದವು. "ಗಪ್!" ಎಂದೆ. ಕೋಳಿಯೊಂದು ಅಂಗಳಕ್ಕೆ ಬಂತು, ಅಪ್ಪ ಗಂಟಲು ಸರಿಮಾಡಿಕೊಂಡರು, ಇಬ್ಬರಿಗೂ ಕೂಡಿಯೇ ಅಂದೆ. ನಾನಿಲ್ಲದಿದ್ದರೆ ಆ ಹಾಡಿನ ಗತಿ ಏನಾಗುತ್ತಿತ್ತೆಂದು ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ಆಗ ಉಳಿದ ದನಿಗಳೆಲ್ಲ ಹಿಂದೆ ಸರಿದು, ಹೆಂಗಸರ ಕೆಳದನಿಯೊಂದೇ ಮೆಲ್ಲಗೆ ಉಳಿಯಿತು. ಸುಗುಣಾಬಾಯಿ ಕಣ್ಣು ಮುಚ್ಚಿ, ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಮುಂದಕ್ಕೆ ಬಾಗಿದರು. ಸರಿಯಾಗಿ ಅದೇ ಹೊತ್ತಿಗೆ ಅವ್ವ ಎಲೆಯಡಿಕೆ ಉಗುಳಲು ಎದ್ದಳು.

"ಗಪ್!" ಎಂದು ನಾನು ಗುಡುಗಿದೆ.

ತೊಟ್ಟಿಲಲ್ಲಿದ್ದ ಮಗಳು ಚಿಟ್ಟನೆ ಚೀರಿದಳು. ಸುಗುಣಾಬಾಯಿ ಕಣ್ಣು ತೆರೆದು ನನ್ನ ಕಡೆ ಹೊರಳಿ ನೋಡಿದರು. ಬೈಯಲಿಲ್ಲ, ಬರೀ ನೋಡಿದರು. ಅವರ ಕ್ವಾಯರ್ ಮಾಸ್ತರರು ಹೇಗೆ ನೋಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

"ಅಲ್ಲೇ ಇತ್ತರಿ ಮಾಸ್ತರ, ನಮ್ಮ ಜಾಗಾ," ಎಂದರು ಅಳುಮುಖದಲ್ಲಿ.

ಅಪ್ಪ ಎದ್ದು ಬಂದು ಮಗುವನ್ನು ನನ್ನ ಕೈಗೆ ಕೊಟ್ಟು, "ನೀ ಹೊರಗ ನಡಿ," ಎಂದರು. ಶಾಲೆಯಲ್ಲಿ ನಾನು ಎಷ್ಟೋ ಮಂದಿಯನ್ನು ವರ್ಗದ ಹೊರಗೆ ನಿಲ್ಲಿಸಿದವನು, ಈಗ ಮೂವತ್ತು ದಾಟಿದ ವಯಸ್ಸಿನಲ್ಲಿ ನನ್ನದೇ ಮನೆಯ ಕಟ್ಟೆಯ ಮೇಲೆ ನಿಂತೆ. ಬಾಗಿಲು ಮುಚ್ಚಿತು. ಹಾಡು ಮೊದಲಿನಿಂದ ಶುರುವಾಯಿತು. ಒಳಗೆ ಬಳೆಯಿಲ್ಲ, ಕೆಮ್ಮಿಲ್ಲ, ಯಾರೂ ಯಾರಿಗೂ ಸುಮ್ಮನಿರಲು ಹೇಳಲಿಲ್ಲ. ಆ ಕೆಳದನಿ ಮತ್ತೆ ಬಂತು, ಎಷ್ಟೋ ಹೆಣ್ಣುಮಕ್ಕಳು ಸೇರಿ ಒಬ್ಬಳೇ ತಾಯಿ ಜೋಗುಳ ಹಾಡಿದಂತಿತ್ತು. ನನ್ನ ಮಗಳು ಅಳು ನಿಲ್ಲಿಸಿ ಹೆಗಲ ಮೇಲೆ ನಿದ್ದೆಹೋದಳು. ಎಷ್ಟು ಚೆಂದದ ಹಾಡು! ನಾನು ಅದನ್ನು ಅವತ್ತೇ ಮೊದಲು ಕೇಳಿದ್ದು.

ಬಾಗಿಲು ತೆರೆಯಿತು. ಸುಗುಣಾಬಾಯಿ ಅಳುತ್ತಲೂ ನಗುತ್ತಲೂ ಹೊರಗೆ ಬಂದರು. "ಇಲ್ಲರಿ ಮಾಸ್ತರ! ನಾ ಎಲ್ಲೂ ಇಲ್ಲ! ಎಷ್ಟು ಹುಡುಕಿದ್ರೂ ಸಿಗಲಿಲ್ಲ!" ಎಂದು ದವಾಖಾನೆಯ ದನಿಯಲ್ಲಿ ಕೂಗಿದರು. ಹಿಂದಿನಿಂದ ಅಪ್ಪ ಕಾಯಿ ಹಿಡಿದು ಬಂದರು. "ಇಷ್ಟು ದೊಡ್ಡ ದನಿ ಇಟ್ಗೊಂಡು ಕೇಳಸದಂಗ ಹಾಡೂದು ನನ್ನ ಕಡಿಂದ ಈ ಜನ್ಮದಾಗ ಆಗೂದಿಲ್ಲ, ಬಾಯಾರ," ಎಂದು ಕಟ್ಟೆಯ ಮೇಲೆ ಕಾಯಿ ಒಡೆದು, ಎರಡು ಹೋಳನ್ನೂ ಅವರ ಉಡಿಯಲ್ಲಿ ಹಾಕಿದರು. ಶಾಂತಾ ಕುಂಕುಮ ಹಚ್ಚಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಹೂ ಕೊಟ್ಟಳು. ಅವರು ರೆಕಾರ್ಡನ್ನು ಟ್ರಂಕಿನೊಳಗೆ ಸೀರೆಗಳ ನಡುವೆ ಇಟ್ಟುಕೊಂಡು ಸಿಂದಗಿಯ ಬಸ್ಸು ಹತ್ತಿದರು.

ನಾನು ಬಸ್ ಸ್ಟ್ಯಾಂಡಿನಿಂದ ಮರಳಿದಾಗ ಬಾಜೂ ಮನೆಯ ನೀಲವ್ವ ಗೋಡೆಯ ಮೇಲಿಂದ ಇಣುಕಿ ನಿಂತಿದ್ದಳು. "ಮಾಸ್ತರ, ಬಾಯಾರ ರೆಕಾರ್ಡ್ ಭಾಳ ಛಲೋ ಐತ್ರಿ. ಇಂಗ್ಲೀಷು, ನನಗೇನೂ ತಿಳೀಲಿಲ್ಲ. ಆದ್ರ ಇವತ್ತ ಮೊದಲನೇ ಸರ್ತಿ ಹಚ್ಚಿದಾಗ ನಡುನಡುವ ಒಬ್ಬಾಂವ ಗಪ್ ಗಪ್ ಅಂತಿದ್ದನಲ್ರಿ, ಆ ದನಿ ಯಾರದು? ಅದೊಂದು ಎಲ್ಲಾರ್ಕಿಂತ ಮ್ಯಾಲೆದ್ದು ಕೇಳ್ತು," ಎಂದಳು.

ಒಳಗಿನಿಂದ ಅಪ್ಪ, ಬಸ್ ಸ್ಟ್ಯಾಂಡಿಗೂ ಕೇಳುವಂತೆ, "ಅದು ನನ್ನ ಮಗಂದು!" ಎಂದು ಕೂಗಿದರು. ಅಷ್ಟೊಂದು ಹೆಮ್ಮೆಯಿಂದ ಅವರು ನನ್ನ ವಿಷಯ ಹಿಂದೆಂದೂ ಹೇಳಿದ್ದಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗಪ್ ಕೂತೆ.