ವಿಜಯನಗರಕ್ಕೊಂದು ಸ್ವಭಾವ

ಒಬ್ಬ ಮನುಷ್ಯನ ಸ್ವಭಾವವನ್ನು ಅಳೆಯುವುದೇ ಕಷ್ಟ. ನಾನಾದರೋ ಇಡೀ ಸಾಮ್ರಾಜ್ಯಗಳ ಸ್ವಭಾವವನ್ನು ರಟ್ಟಿನ ಚೀಟಿಗಳ ಮೇಲೆ ಬರೆಯಲು ಹೊರಟವನು. ತೊಂಬತ್ತರ ದಶಕದ ಮಾತು. ಕತಾರಿನ ಮೆಸಯೀದ್‌ನಲ್ಲಿ ಕಂಪನಿಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಐದಕ್ಕೆ ಏಳುವುದು, ಐದೂಕಾಲಿಗೆ ಕ್ಷೌರ, ಸಂಜೆ ನಾಲ್ಕಕ್ಕೆ ನಾನೇ ಕಾಸುವ ಚಹಾ. ಶುಕ್ರವಾರದ ರಜೆಗೂ ಇದರಿಂದ ವಿನಾಯಿತಿ ಇರಲಿಲ್ಲ. ಆ ರಜೆಯನ್ನು ಹೇಗೆ ಕಳೆಯುವುದೆಂದು ತಿಳಿಯದೆ, ಪಕ್ಕದ ಮನೆಯ ಕ್ರೇನ್ ಫೋರ್‌ಮನ್ ಹಮೀದನೊಡನೆ ಸೇರಿ ಯುದ್ಧದ ಆಟವೊಂದನ್ನು ಕಟ್ಟತೊಡಗಿದೆ. ಊಟದ ಮೇಜಿನ ಮೇಲೆ ಪಶ್ಚಿಮ ಕರಾವಳಿಯ ನಕ್ಷೆ. ಹುಣಸೆಬೀಜಗಳು ಕುದುರೆ, ಖರ್ಜೂರದ ಬೀಜಗಳು ಹಡಗು.

ಪ್ರತಿ ರಾಜ್ಯಕ್ಕೂ ಬಲ, ದೌರ್ಬಲ್ಯ ಎರಡೂ ಇರಬೇಕು, ಎರಡಕ್ಕೂ ಇತಿಹಾಸದ ಆಧಾರ ಬೇಕು ಎಂಬುದು ಹಮೀದನ ಷರತ್ತು. ಪೋರ್ಚುಗೀಸರು ನೀರಿನಲ್ಲಿ ಹುಲಿ, ದಂಡೆಯಿಂದ ಎರಡು ಮನೆ ಒಳಗೆ ಬಂದರೆ ಬೆಕ್ಕು ಎಂದು ಬರೆದೆವು. ಆ ಪಕ್ಷವನ್ನು ಹಮೀದನೇ ಆರಿಸಿಕೊಂಡ. "ಉಳ್ಳಾಲದವನಾಗಿ ಪೋರ್ಚುಗೀಸರ ಕಡೆಯಾ ಮಾರಾಯ?" ಎಂದರೆ, "ಅವರ ಬುದ್ಧಿ ನಮಗಿಂತ ಚೆಂದ ಯಾರಿಗೆ ಗೊತ್ತುಂಟು ರಾಯರೆ?" ಎಂದ. ನನ್ನದು ವಿಜಯನಗರ. ಬಲ, ಅಶ್ವದಳ. ದೌರ್ಬಲ್ಯ, ಆ ಕುದುರೆಗಳು ನಮ್ಮ ಕಿಟಕಿಯಾಚೆಯ ಈ ಕೊಲ್ಲಿಯ ಕಡೆಯಿಂದಲೇ ಹೋಗಬೇಕು. ಭಟ್ಕಳದ ಬಂದರು ಮುಚ್ಚಿದರೆ ಲಾಯ ಖಾಲಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು 'ಶಿಸ್ತು' ಎಂಬ ಇನ್ನೊಂದು ಬಲವನ್ನೂ ಸೇರಿಸಿ, ಅದಕ್ಕೆ ಪ್ರತಿ ಸರದಿಗೂ ಒಂದು ಹೆಚ್ಚಿನ ನಡೆ ಕೊಟ್ಟೆ.

"ಆಧಾರ ಮಾಫಿ, ಇಲ್ಲವೇ ಇಲ್ಲ!" ಎಂದ ಹಮೀದ್. ನನ್ನ ಹೆಂಡತಿ ಸುಮತಿ ಸೊಪ್ಪು ಬಿಡಿಸುತ್ತಲೇ, "ಹಂಪಿಯ ಅರಸರು ಐದೂಕಾಲಿಗೆ ಕ್ಷೌರ ಮಾಡಿಸ್ಕೊಳ್ತಿದ್ರು ಅಂತ ಯಾವ ಶಾಸನದಲ್ಲಿದೆ? ಅದು ರಾಜ್ಯದ ಗುಣ ಅಲ್ಲ, ನಿಮ್ಮ ಗುಣ" ಎಂದಳು. ಕೊನೆಗೆ ಒಪ್ಪಂದವಾಯಿತು: ಈ ಶುಕ್ರವಾರ ನಾನು ಗೆದ್ದರೆ ಶಿಸ್ತು ಬಲದ ಪಟ್ಟಿಗೆ ಸೇರುತ್ತದೆ, ಸೋತರೆ ಅದರ ಮಾತೆತ್ತುವಂತಿಲ್ಲ.

ಆಟ ಅದ್ಭುತವಾಗಿ ನಡೆಯಿತು. ನನ್ನ ಹುಣಸೆಬೀಜಗಳು ಗೋವೆಯ ಕೋಟೆಯ ಬಾಗಿಲಲ್ಲಿ ನಿಂತಿದ್ದವು. ಹಮೀದನ ಹಡಗುಗಳು ದೂರದಲ್ಲಿ. ಸರದಿ ನನ್ನದು, ಒಂದೇ ನಡೆ ಸಾಕು. ಆಗ ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಏನಾಯಿತೆಂದು ನನಗೆ ಅರಿವಾದದ್ದು ಅಡುಗೆಮನೆಯಲ್ಲಿ, ಚಹಾಕ್ಕೆ ನೀರಿಟ್ಟ ಮೇಲೆ. ಸರದಿಯ ನಡುವೆ ಎದ್ದವನು ಸರದಿ ಕಳೆದುಕೊಂಡಂತೆ ಎಂಬ ನಿಯಮವಿತ್ತು. ಘಳಿಗೆಗೊಮ್ಮೆ ಸಿಗರೇಟಿಗೆ ಎದ್ದು ಹೋಗುವ ಹಮೀದನನ್ನು ಹಿಡಿದು ಕೂರಿಸಲು ನಾನೇ ಮಾಡಿದ್ದು.

ಲೋಟಗಳೊಡನೆ ಮರಳಿದಾಗ ಖರ್ಜೂರದ ಬೀಜಗಳು ಭಟ್ಕಳದ ಮುಂದೆ ಸಾಲಾಗಿ ನಿಂತಿದ್ದವು. "ಖಲಾಸ್, ರಾಯರೆ! ಸರದಿಯೂ ಹೋಯ್ತು, ಬಂದರೂ ಹೋಯ್ತು. ನನಗೆ ಸಕ್ಕರೆ ಎರಡು ಚಮಚ."

ಹೊಸ ಕುದುರೆ ಬರದೆ, ಐದರೊಳಗೆ ಸಾಮ್ರಾಜ್ಯ ಮುಗಿಯಿತು. ಹಮೀದ್ ದೊಡ್ಡ ಮನಸ್ಸಿನವನು. "ಶಿಸ್ತಿಗೆ ಈಗ ಆಧಾರ ಸಿಕ್ಕಿತಲ್ಲ, ಸೇರಿಸುವ" ಎಂದು ನನ್ನ ಚೀಟಿಯನ್ನೆತ್ತಿಕೊಂಡು ದೌರ್ಬಲ್ಯದ ಕೆಳಗೆ ಬರೆದ: 'ಸುಮಾರು ನಾಲ್ಕು ಗಂಟೆಗೆ ಅರಸರು ರಣರಂಗ ಬಿಟ್ಟು ಚಹಾಕ್ಕೆ ಹೋಗುತ್ತಾರೆ.' ಸುಮತಿ ಸಾಕ್ಷಿಯಾಗಿ ಸಹಿ ಹಾಕಿದಳು. ನಾನು ಚೀಟಿಯನ್ನು ಕಸಿದುಕೊಂಡು, ಕೆಂಪು ಪೆನ್ನು ಹುಡುಕಿ, 'ಸುಮಾರು' ಎಂಬುದನ್ನು ಹೊಡೆದುಹಾಕಿ, 'ಸರಿಯಾಗಿ' ಎಂದು ತಿದ್ದಿದೆ.