ಅರ್ಧ ಎಸಳಿನ ಸುಂದರಿ

ಪರವೂರಿನಲ್ಲಿ ಹೋಟೆಲು ಇಟ್ಟವನಿಗೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಸಾಂಬಾರಿಗೆ ಸಕ್ಕರೆ ಕೇಳಿದವರನ್ನು ಕಂಡಿದ್ದೇನೆ, ಮಸಾಲೆ ದೋಸೆಯ ಪಲ್ಯವನ್ನಷ್ಟೇ ತಿಂದು ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಹೋದವರನ್ನೂ ಕಂಡಿದ್ದೇನೆ. ಆದರೆ ಎಪ್ಪತ್ತರ ದಶಕದ ಆರಂಭದಲ್ಲಿ ಕಲ್ಕತ್ತೆಯಲ್ಲಿ ನನಗೆ ಆದದ್ದು ಬೇರೆ ಯಾವ ಹೋಟೆಲಿನವನಿಗೂ ಆಗಿರಲಾರದು. ಇಡೀ ಊರು ಗುನುಗುತ್ತಿದ್ದ ಒಂದು ಪ್ರೇಮಗೀತೆಯ ನಾಯಕಿ ನಾನಾಗಿದ್ದೆ.

ಬೋಳು ಹೊಸ್ತಿಲು

ಗರಿಯಾಹಾಟಿನ ಟ್ರಾಮ್ ದಾರಿಯಿಂದ ಒಳಕ್ಕೆ ತಿರುಗುವ ಗಲ್ಲಿಯಲ್ಲಿ ನನ್ನ ಹೋಟೆಲು. ಉಡುಪಿ ಕಡೆಯ ಹೋಟೆಲಿನವರ ಆಗಿನ ಪದ್ಧತಿಯಂತೆ ಹೆಂಡತಿ ಊರಲ್ಲಿ, ಗಂಡ ಇಲ್ಲಿ. ಅಡುಗೆಯವನಿಂದ ಹಿಡಿದು ಪಾತ್ರೆ ತೊಳೆಯುವವನ ತನಕ ಎಲ್ಲರೂ ಗಂಡಸರು. ಹೆಂಗಸು ಅಂತ ಇದ್ದದ್ದು ಗಲ್ಲಾಪೆಟ್ಟಿಗೆಯ ಮೇಲಿನ ಪಟದ ಲಕ್ಷ್ಮಿ ಒಬ್ಬಳೇ.

ನಾನು ಊರು ಬಿಡುವಾಗ ಅಮ್ಮ ಒಂದೇ ಮಾತು ಹೇಳಿದ್ದಳು. ಬೋಳು ಹೊಸ್ತಿಲಿಗೆ ಲಕ್ಷ್ಮಿ ಕಾಲಿಡುವುದಿಲ್ಲ, ಬಾಗಿಲು ತೆರೆಯುವ ಮೊದಲು ರಂಗೋಲಿ ಬೀಳಲೇಬೇಕು. ಯಾರು ಹಾಕಬೇಕು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗಾಗಿ ಬೆಳಗ್ಗೆ ಎದ್ದು, ಕಡೆಯುವ ಕಲ್ಲು ತೊಳೆದ ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳು ಅದ್ದಿ, ಕುಕ್ಕರಗಾಲಿನಲ್ಲಿ ಕೂತು ಒಂದು ತಾವರೆ ಬರೆಯುತ್ತಿದ್ದೆ. ದೋಸೆ ಹೊಯ್ದು ಪಳಗಿದ ಕೈ, ತಾವರೆ ಚೆನ್ನಾಗಿಯೇ ಬರುತ್ತಿತ್ತು. ಬಲಗಡೆಯ ಒಂದು ಎಸಳು ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಅಲ್ಲಿ ಹಾಲಿನವನು ಸೈಕಲ್ ತಂದು ನಿಲ್ಲಿಸುತ್ತಿದ್ದ. ತೆಗಿ ಅಂತ ನಾನು ಬಂಗಾಳಿಯಲ್ಲಿ ಎಷ್ಟು ಹೇಳಿದರೂ ಅವನು ತೆಗೆದವನಲ್ಲ.

ಬಂಗಾಳಿಗಳೂ ಹೀಗೇ ಅಕ್ಕಿಹಿಟ್ಟಿನಲ್ಲಿ ಬರೆಯುತ್ತಾರೆ, ಅದಕ್ಕೆ ಆಲ್ಪನಾ ಅನ್ನುತ್ತಾರೆ. ಆದರೆ ಬರೆಯುವುದು ಪೂಜೆಗೋ ಮದುವೆಗೋ ಮಾತ್ರ. ಪಕ್ಕದ ಮಿಠಾಯಿ ಅಂಗಡಿಯವರು ಒಂದು ತಿಂಗಳು ನೋಡಿದರು. ಕೊನೆಗೆ ತಡೆಯಲಾರದೆ ನನ್ನನ್ನು ಕರೆದು, ನಿಮ್ಮ ಹೋಟೆಲಿನಲ್ಲಿ ಯಾರ ಮದುವೆ, ಮುಗಿಯುವುದೇ ಇಲ್ಲವಲ್ಲ ಅಂತ ಕೇಳಿದರು.

ಪೆಂಡಾಲಿನಲ್ಲಿ ನನ್ನ ತಾವರೆ

ಬಂಗಾಳಿಗಳಿಗೆ ದುರ್ಗಾಪೂಜೆಗೆ ಹೊಸ ಬಟ್ಟೆ ಎಷ್ಟು ಮುಖ್ಯವೋ ಹೊಸ ಹಾಡೂ ಅಷ್ಟೇ ಮುಖ್ಯ. ಆ ಸಲ ಹೊಸ ರೆಕಾರ್ಡುಗಳು ಬಂದವು, ಅವುಗಳಲ್ಲಿ ಒಂದು ಹಾಡು ಎಲ್ಲ ಪೆಂಡಾಲುಗಳಲ್ಲೂ ಮೊಳಗತೊಡಗಿತು. ಬರೆದವರು ನಮ್ಮ ಎದುರು ಮನೆಯ ಮಹಡಿಯ ಬಾಬು. ದಿನಾ ಒಂಬತ್ತಕ್ಕೆ ಎದ್ದು ಬಂದು ನಮ್ಮಲ್ಲೇ ಕಾಫಿ ಕುಡಿಯುತ್ತಿದ್ದ ಮೆದು ಮಾತಿನ ಮನುಷ್ಯ. ನಮ್ಮ ಗಿರಾಕಿಯ ಹಾಡು ಅಂತ ಅಭಿಮಾನದಿಂದ ಕಿವಿಗೊಟ್ಟು ಕೇಳಿದೆ.

ಕಾಣದ ಚೆಲುವೆಯೇ, ದಿನವೂ ಹೊಸ್ತಿಲಲ್ಲಿ ತಾವರೆ ಬರೆದು ಯಾರಿಗಾಗಿ ಕಾಯುತ್ತೀ ಅಂತ ಪಲ್ಲವಿ. ಪಾಪ, ಯಾರೋ ಹುಡುಗಿ ಅಂದುಕೊಂಡೆ. ಆಮೇಲೆ ಚರಣ ಬಂತು. ಒಂದು ಎಸಳನ್ನು ಮಾತ್ರ ಅರ್ಧಕ್ಕೇ ಬಿಡುತ್ತೀಯಲ್ಲ, ಅವನು ಬಂದ ದಿನ ತುಂಬಿಸುವುದಕ್ಕಾಗಿಯೇ?

ಇಡೀ ಕಲ್ಕತ್ತೆಯಲ್ಲಿ ಅರ್ಧ ಎಸಳಿನ ತಾವರೆ ಇನ್ನು ಯಾರ ಹೊಸ್ತಿಲಲ್ಲಿದೆ? ಒಂಬತ್ತಕ್ಕೆ ಏಳುವ ಬಾಬುವಿಗೆ ರಂಗೋಲಿ ಕಂಡಿದೆ, ಬರೆದವನು ಕಂಡಿಲ್ಲ. ಸಂತೋಷದಲ್ಲಿ ನನಗೆ ನೆಲವೇ ಕಾಣಲಿಲ್ಲ. ಮಿಠಾಯಿ ಅಂಗಡಿಯವರಲ್ಲಿಗೆ ಓಡಿ, ದಾದಾ, ಆ ಚೆಲುವೆ ನಾನೇ ಅಂದೆ. ಅವರು ನನ್ನ ಮೀಸೆಯನ್ನೂ ಹೊಟ್ಟೆಯನ್ನೂ ನೋಡಿ, ಕೂತುಕೊಳ್ಳಿ ಅಂತ ಒಂದು ಲೋಟ ತಣ್ಣೀರು ಕೊಟ್ಟರು.

ಬಳೆಯ ಸದ್ದು

ಹಾಡು ನಮ್ಮ ಹೋಟೆಲಿನದೇ ಅಂತ ಗಲ್ಲಿಯ ಹುಡುಗರಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಒಂದು ಕಾಫಿ ಹೇಳಿ, ಅಡುಗೆಮನೆಯ ಪರದೆ ನೋಡುತ್ತ ಗಂಟೆಗಟ್ಟಲೆ ಕೂತುಬಿಡುತ್ತಿದ್ದರು. ನಮ್ಮ ಅಡುಗೆಯವನಿಗೆ ಐವತ್ತು ದಾಟಿತ್ತು. ಕೈಯಲ್ಲಿ ಹರಕೆಯ ತಾಮ್ರದ ಬಳೆ. ಅದು ಪಾತ್ರೆಗೆ ತಾಗಿ ಟಿಣ್ ಎಂದಾಗಲೆಲ್ಲ ಹೊರಗೆ ಒಬ್ಬೊಬ್ಬನೂ ಕಣ್ಣು ಮುಚ್ಚುತ್ತಿದ್ದ.

ಬಾಬುವಿಗಾದರೂ ನಿಜ ಹೇಳಬೇಕು ಅಂತ ನನಗೆ ಒಂದೇ ತವಕ. ಕಾಫಿ ತೆಗೆದುಕೊಂಡು ಹೋಗಿ, ಬಾಬು, ಆ ತಾವರೆ ಬರೆಯುವುದು ಅಂತ ಶುರುಮಾಡಿದೆ. ಅವರು ನನ್ನ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. ಹೇಳಬೇಡಿ, ಅವಳನ್ನು ಕಂಡರೆ ನನ್ನ ಹಾಡು ಸತ್ತುಹೋಗುತ್ತದೆ ಅಂದರು. ಸತ್ತೇ ಹೋಗುತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಬಾಯಿ ಮುಚ್ಚಿಕೊಂಡು ಬಂದೆ. ಅವರು ಹಿಡಿದುಕೊಂಡಿದ್ದ ಬೆರಳು ಬೆಳಗ್ಗೆ ತಾವರೆ ಬರೆದ ಬೆರಳೇ ಆಗಿತ್ತು.

ಹೌರಾದಲ್ಲಿ ಇಳಿದ ಬಿರುಗಾಳಿ

ಹೌರಾ ಕಡೆ ಅಡುಗೆ ಕಂಟ್ರಾಕ್ಟು ಮಾಡುತ್ತಿದ್ದ ನಮ್ಮೂರಿನವನೊಬ್ಬ ರಜೆಯಲ್ಲಿ ಊರಿಗೆ ಹೋದ. ಒಂದು ಉಪನಯನದ ಊಟದ ಪಂಕ್ತಿಯಲ್ಲಿ ಕೂತು, ಬಡಿಸುತ್ತಿದ್ದ ನನ್ನ ಹೆಂಡತಿಯನ್ನು ತೋರಿಸಿ ದೊಡ್ಡ ಸ್ವರದಲ್ಲಿ ಸುದ್ದಿ ಬಿಚ್ಚಿದನಂತೆ. ಇವಳ ಗಂಡನ ಹೋಟೆಲಿನಲ್ಲಿ ಒಬ್ಬಳು ಹುಡುಗಿ ದಿನಾ ರಂಗೋಲಿ ಹಾಕುತ್ತಾಳೆ, ಅವಳ ಮೇಲೆ ಇಡೀ ಕಲ್ಕತ್ತೆ ಹಾಡು ಹಾಡುತ್ತಿದೆ. ಅವಳು ಸೌಟು ಕೆಳಗಿಟ್ಟವಳೇ, ತಮ್ಮನನ್ನು ಜೊತೆಮಾಡಿಕೊಂಡು ರೈಲು ಹತ್ತಿಯೇ ಬಿಟ್ಟಳು.

ತಂತಿ ಸಿಕ್ಕಿ ಹೌರಾ ಸ್ಟೇಷನ್ನಿಗೆ ಓಡಿದ ನಾನು ಟ್ರಂಕು ಹಿಡಿಯಲು ಹೋದರೆ ಅವಳು ಬಿಡಲಿಲ್ಲ. ಮದುವೆಯಾಗಿ ಹತ್ತು ವರ್ಷ, ಜೊತೆಗೆ ಇದ್ದದ್ದು ರಜೆಯ ತಿಂಗಳುಗಳು ಮಾತ್ರ. ಅವಳ ನಂಬಿಕೆಯೊಂದೇ ನನ್ನ ಸಂಸಾರ, ಅದು ಹೋದರೆ ನನಗೆ ಉಳಿಯುವುದು ಕಡೆಯುವ ಕಲ್ಲು ಮಾತ್ರ. ಟ್ಯಾಕ್ಸಿ ಸೇತುವೆ ದಾಟುವಷ್ಟರಲ್ಲಿ ಯಾವುದೋ ಅಂಗಡಿಯ ರೇಡಿಯೋದಲ್ಲಿ ಅದೇ ಹಾಡು ಬಂತು. ನನಗೆ ಉತ್ಸಾಹ ತಡೆಯಲಾಗಲಿಲ್ಲ. ಇದೇ, ಇದೇ ಆ ಹಾಡು, ಇದು ನನ್ನ ಮೇಲೆ ಬರೆದದ್ದು ಅಂದೆ.

ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

“ಸುಳ್ಳು ಹೇಳುವುದಾದ್ರೂ ಸ್ವಲ್ಪ ನಂಬುವ ಹಾಗೆ ಹೇಳಿ ಮಾರಾಯ್ರೆ.”

ತುಂಬಿದ ಎಸಳು

ಬೆಳಗ್ಗೆ ಆ ಹುಡುಗಿ ಬರಲಿ, ನಾನೇ ನೋಡುತ್ತೇನೆ ಅಂದವಳು ಮರುದಿನ ನಸುಕಿಗೇ ಬಾಗಿಲ ಹಿಂದೆ ನಿಂತಳು. ನಾನು ಎಂದಿನಂತೆ ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಿನಲ್ಲಿ ಕೂತು, ನಾಲಗೆ ಹೊರಗೆ ಹಾಕಿಕೊಂಡು ತಾವರೆ ಬರೆದೆ. ತಿರುಗಿ ನೋಡಿದರೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಗುತ್ತಿದ್ದಾಳೆ. ನಗುತ್ತ ನಗುತ್ತ ಹೊಸ್ತಿಲ ಮೇಲೆಯೇ ಕುಸಿದಳು. ಹೋದ ಜೀವ ಬಂದ ಹಾಗಾಯಿತು ನನಗೆ.

ಆ ಎಸಳು ಯಾಕೆ ಅರ್ಧ ಅಂತ ಕೇಳಿದಳು. ಸೈಕಲ್ ತೋರಿಸಿದೆ. ಅವಳು ಎದ್ದು ಹಾಲಿನವನ ಕಡೆ ನೋಡಿ, “ಏ, ತೆಗಿ ಅದನ್ನ” ಅಂದಳು, ಅಚ್ಚ ಕನ್ನಡದಲ್ಲಿ. ಅವನು ತೆಗೆದ. ಅವಳು ಕೂತು ಎಸಳನ್ನು ತುಂಬಿಸಿದಳು.

ಎಂದೂ ಬೇಗ ಏಳದ ಬಾಬು ಅವತ್ತೇ ಯಾವುದೋ ರೈಲಿಗೆ ಎದ್ದಿದ್ದರು. ಮಹಡಿಯಿಂದ ನೋಡುತ್ತಾರೆ, ಹೊಸ್ತಿಲಲ್ಲಿ ಹೆಂಗಸು, ಅವಳ ಮುಂದೆ ತುಂಬಿದ ತಾವರೆ. ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿ ಬಂದರು.

“ಕೊನೆಗೂ ಬಂದನೇ, ಅವಳು ಕಾಯುತ್ತಿದ್ದವನು? ಎಲ್ಲಿ?”

ಸಂತೋಷದ ಭರದಲ್ಲಿ ನಾನು ಎದೆ ತಟ್ಟಿಕೊಂಡು, “ನಾನೇ ಬಾಬು, ಇವಳ ಗಂಡ” ಅಂದುಬಿಟ್ಟೆ.

ಬಾಬು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೊಣಕೈವರೆಗೆ ಹಿಟ್ಟು, ಹೆಗಲ ಮೇಲೆ ಮಸಿಬಟ್ಟೆ, ಪಂಚೆಯ ಮೇಲೆ ಹೊಟ್ಟೆ. ನನ್ನ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ದೊಡ್ಡ ನಿಟ್ಟುಸಿರು ಬಿಟ್ಟು, ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಮರುವರ್ಷದ ಪೂಜೆಗೆ ಅವರ ಹೊಸ ಹಾಡು ಬಂತು. ತಾವರೆಯೇ, ಇಷ್ಟು ಕಾಲ ಕಾದದ್ದು ಈ ರುಬ್ಬುಗುಂಡಿಗಾಗಿಯೇ ಅಂತ ಪಲ್ಲವಿ. ಮೊದಲನೆಯದಕ್ಕಿಂತ ಹೆಚ್ಚು ಓಡಿತು. ಹೆಂಡತಿ ಆಮೇಲೆ ಊರಿಗೆ ಹೋಗಲಿಲ್ಲ, ಇಲ್ಲೇ ನಿಂತು ನನಗಿಂತ ಚೆನ್ನಾಗಿ ಬಂಗಾಳಿ ಕಲಿತಳು. ಬೆಳಗ್ಗೆ ರಂಗೋಲಿ ಬರೆಯುವಾಗ ಅವಳು ಗುನುಗುವುದು ಎರಡನೆಯ ಹಾಡನ್ನೇ. ಮೊದಲನೆಯದನ್ನೂ ಒಮ್ಮೆ ಹಾಡಬಾರದೇ ಅಂತ ಕೇಳಿದೆ.

“ಅದು ನಿಮ್ಮ ಮೇಲೆ ಬರೆದದ್ದು ಅಂತ ನಂಗೆ ಈಗಲೂ ಪೂರ್ತಿ ನಂಬಿಕೆ ಇಲ್ಲ” ಅಂದಳು. “ಇದಾದ್ರೆ ಕೇಳಿದ ಕೂಡ್ಲೆ ಗೊತ್ತಾಗ್ತದೆ.”